ಇಂಗ್ಲೆಂಡಿನಲ್ಲಿ ಟ್ರೈನಿ ಸಾಲಿಸಿಟರ್ ಆಗಬೇಕೆ? ಅರ್ಜಿಯಿಂದ ಇಂಟರ್‌ವ್ಯೂವರೆಗೆ, ಹಂತ ಹಂತವಾಗಿ

ಕಳೆದ ಚಳಿಗಾಲದಲ್ಲಿ ಶಿರಸಿ ಕಡೆಯ ಹುಡುಗಿಯೊಬ್ಬಳು ತನ್ನ ಅರ್ಜಿಯನ್ನು ನನಗೆ ತೋರಿಸಿದಳು. ಇಂಗ್ಲೆಂಡಿನಲ್ಲಿ ಓದುತ್ತಿದ್ದಳು. ಲಂಡನ್ನಿನ ಲಾ ಫರ್ಮ್ ಒಂದರಲ್ಲಿ ಟ್ರೈನಿ ಸಾಲಿಸಿಟರ್, ಅಂದರೆ ತರಬೇತಿಯ ವಕೀಲೆ, ಆಗಬೇಕು ಅನ್ನೋದು ಅವಳ ಆಸೆ. ವ್ಯಾಪಾರದ ತಿಳಿವಳಿಕೆ ಎಷ್ಟಿದೆ ಎಂಬ ಪ್ರಶ್ನೆಗೆ ಅವಳು ಬರೆದಿದ್ದು ಇಷ್ಟು: ದಿನಾ ಪತ್ರಿಕೆ ಓದುತ್ತೇನೆ, ಜಾಗತಿಕ ವ್ಯವಹಾರದಲ್ಲಿ ಅಪಾರ ಆಸಕ್ತಿ ಇದೆ.

ಮಾತಾಡ್ತಾ ಮಾತಾಡ್ತಾ ಗೊತ್ತಾಯಿತು, ಅವಳ ಅಪ್ಪನದು ಅಡಿಕೆ ಮಂಡಿ. ಮೂರು ಬೇಸಿಗೆ ರಜೆ ಅಲ್ಲಿ ಕೂತು ಲೆಕ್ಕ ಬರೆದಿದ್ದಾಳೆ. ಬೆಳೆಗಾರರಿಗೆ ಮುಂಗಡ ಕೊಡೋದು, ದರ ಬಿದ್ದಾಗ ಅವರು ಮಾಲು ಮಾರದೆ ಇಟ್ಟುಕೊಳ್ಳೋದು, ಆಗ ಅಪ್ಪನ ಕೈಯಲ್ಲಿ ನಗದು ಇಲ್ಲದೆ ಬ್ಯಾಂಕಿಗೆ ಅಲೆಯೋದು, ಎಲ್ಲ ಕಣ್ಣಾರೆ ನೋಡಿದ್ದಾಳೆ. ಅರ್ಜಿಯಲ್ಲಿ ಅದರ ಒಂದು ಸಾಲೂ ಇರಲಿಲ್ಲ. "ಅದೆಲ್ಲ ಅವರಿಗೆ ಯಾಕೆ ಅಣ್ಣಾ?" ಅಂದಳು.

ಅದೇ ಅವರಿಗೆ ಬೇಕು. ನಾನು ಈ ಬರಹ ಬರೆಯುತ್ತಿರುವುದೇ ಆ ಮಾತಿಗಾಗಿ. ನಮ್ಮ ಕಡೆಯ ಮಕ್ಕಳು ಜಾಣರು, ಕಷ್ಟಪಟ್ಟು ಓದುತ್ತಾರೆ. ಆದರೆ ತಮ್ಮ ಬದುಕಿನಲ್ಲಿ ಹೇಳುವಂಥದ್ದು ಏನೂ ಇಲ್ಲ ಅಂದುಕೊಂಡು, ಎಲ್ಲರೂ ಬರೆಯುವ ವಾಕ್ಯವನ್ನೇ ಬರೆದು ಕಳಿಸುತ್ತಾರೆ. ಸಾವಿರಾರು ಅರ್ಜಿ ಓದುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಮೊದಲು ದಾರಿ ತಿಳಿದುಕೊಳ್ಳಿ

ನಮ್ಮಲ್ಲಿ 1961ರ ಅಡ್ವೊಕೇಟ್ಸ್ ಕಾಯ್ದೆಯ ಪ್ರಕಾರ ವಕೀಲರೆಲ್ಲ ಒಂದೇ ಬಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎರಡು. ಬ್ಯಾರಿಸ್ಟರ್‌ಗಳು ಹೆಚ್ಚಾಗಿ ಕೋರ್ಟಿನಲ್ಲಿ ವಾದ ಮಾಡುತ್ತಾರೆ. ಸಾಲಿಸಿಟರ್‌ಗಳು ಕಕ್ಷಿದಾರರ ಜೊತೆ ಕೂತು ಸಲಹೆ ಕೊಡುವುದು, ಕರಾರು ಬರೆಯುವುದು, ಕಂಪನಿಗಳ ಕೊಡುಕೊಳ್ಳುವಿಕೆ ನಡೆಸುವುದು, ಕೇಸು ತಯಾರು ಮಾಡುವುದು ಹೀಗೆ ಕೆಲಸ ಮಾಡುತ್ತಾರೆ.

ಸಾಲಿಸಿಟರ್ ಆಗುವ ಈಗಿನ ದಾರಿ 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಎಸ್‌ಕ್ಯೂಇ, ಅಂದರೆ ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಶನ್. ಯಾವುದಾದರೂ ಒಂದು ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು, ಅದು ಲಾ ಪದವಿಯೇ ಆಗಬೇಕಿಲ್ಲ. ಎಸ್‌ಕ್ಯೂಇ ಪರೀಕ್ಷೆಯ ಎರಡು ಭಾಗ ಪಾಸಾಗಬೇಕು. ಎರಡು ವರ್ಷದ ಕೆಲಸದ ಅನುಭವ ಬೇಕು. ಕೊನೆಗೆ ನಡತೆಯ ಪರಿಶೀಲನೆ. ಮೊದಲ ಭಾಗದಲ್ಲಿ ತಲಾ 180 ಪ್ರಶ್ನೆಗಳ ಎರಡು ಪತ್ರಿಕೆ, ಎಲ್ಲ ಬಹು ಆಯ್ಕೆಯವು. ಎರಡನೆಯ ಭಾಗದಲ್ಲಿ 16 ಚಟುವಟಿಕೆ, 12 ಬರಹದವು, 4 ಮಾತಿನವು. ಎರಡರ ಶುಲ್ಕ ಸೇರಿ ಹತ್ತಿರ ಹತ್ತಿರ 5,000 ಪೌಂಡ್. ಒಂದೊಂದು ಭಾಗಕ್ಕೂ ಮೂರೇ ಅವಕಾಶ, ಅದೂ ಆರು ವರ್ಷದೊಳಗೆ.

ಟ್ರೈನಿಂಗ್ ಕಾಂಟ್ರಾಕ್ಟ್ ಅಂದರೆ ಆ ಎರಡು ವರ್ಷವನ್ನು ಒಂದೇ ಸಂಸ್ಥೆಯಲ್ಲಿ, ಸಂಬಳದ ಮೇಲೆ ಕಳೆಯುವುದು. ಸಾಮಾನ್ಯವಾಗಿ ಆರಾರು ತಿಂಗಳ ನಾಲ್ಕು ವಿಭಾಗ. ಒಂದೊಂದಕ್ಕೂ ಸೀಟು ಅನ್ನುತ್ತಾರೆ. ದೊಡ್ಡ ಸಂಸ್ಥೆಗಳು ಎಸ್‌ಕ್ಯೂಇ ಶುಲ್ಕವನ್ನೂ ಕೋಚಿಂಗ್ ಖರ್ಚನ್ನೂ ತಾವೇ ಕೊಡುತ್ತವೆ. ಪೈಪೋಟಿ ಅಷ್ಟು ಜೋರಾಗಿರುವುದು ಇದಕ್ಕೇ.

ನೀವು ಈಗಾಗಲೇ ಭಾರತದಲ್ಲಿ ಅಡ್ವೊಕೇಟ್ ಆಗಿದ್ದರೆ ಆ ಎರಡು ವರ್ಷದ ಅನುಭವದ ಷರತ್ತು ನಿಮಗಿಲ್ಲ. ಪರೀಕ್ಷೆಯಲ್ಲೂ ಕೆಲವರಿಗೆ ವಿನಾಯಿತಿ ಸಿಗಬಹುದು, ಅದಕ್ಕೆ ಬೇರೆ ಅರ್ಜಿ ಹಾಕಬೇಕು. ಕೋರಮಂಗಲದ ಯಾವುದೋ ಕನ್ಸಲ್ಟೆನ್ಸಿಯವರ ಮಾತು ಕೇಳಿ ದುಡ್ಡು ಕಟ್ಟುವ ಮೊದಲು ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆಯಾದ ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ವೆಬ್‌ಸೈಟ್ ಓದಿ. ಎಲ್ಲವೂ ಅಲ್ಲಿ ಸರಳವಾಗಿ ಬರೆದಿದೆ.

ಕ್ಯಾಲೆಂಡರ್ ಮತ್ತು ವೀಸಾ

ಇಂಗ್ಲೆಂಡಿನಲ್ಲಿ ಸಂಸ್ಥೆಗಳು ಎರಡು ವರ್ಷ ಮುಂಚೆಯೇ ಜನರನ್ನು ಆರಿಸುತ್ತವೆ. ಲಾ ವಿದ್ಯಾರ್ಥಿಗಳು ಎರಡನೇ ವರ್ಷದಲ್ಲಿ, ಬೇರೆ ವಿಷಯದವರು ಕೊನೆಯ ವರ್ಷದಲ್ಲಿ ಅರ್ಜಿ ಹಾಕುವುದು ರೂಢಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅರ್ಜಿಗಳು ತೆರೆಯುತ್ತವೆ. ವೆಕೇಶನ್ ಸ್ಕೀಮ್ ಅಂದರೆ ಒಂದರಿಂದ ನಾಲ್ಕು ವಾರ ಸಂಸ್ಥೆಯಲ್ಲಿ ಕೆಲಸ ಮಾಡಿ ನೋಡುವ ಅವಕಾಶ. ಎಷ್ಟೋ ಸಂಸ್ಥೆಗಳು ಟ್ರೈನಿಗಳನ್ನು ಇದರಿಂದಲೇ ಆರಿಸುತ್ತವೆ, ಹಾಗಾಗಿ ಇದನ್ನು ಬಿಟ್ಟು ನೇರ ಅರ್ಜಿಗೆ ಕಾಯಬೇಡಿ. ಕೆಲವರು ಬಂದ ಹಾಗೇ ಅರ್ಜಿ ಓದಿ ಮುಗಿಸುತ್ತಾರೆ. ಅಂಥ ಕಡೆ ಕೊನೆಯ ದಿನಾಂಕ ನಂಬಿ ಕೂತರೆ ಜಾಗ ತುಂಬಿರುತ್ತದೆ.

ವೀಸಾ ಬೇಕಾದವರು ಪಟ್ಟಿ ಮಾಡುವ ಮೊದಲೇ ಎರಡು ವಿಷಯ ನೋಡಿ. ಸಂಸ್ಥೆಗೆ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ವೀಸಾ ಮೇಲೆ ಕೆಲಸಕ್ಕೆ ತೆಗೆದುಕೊಳ್ಳುವ ಪರವಾನಗಿ, ಇದೆಯೇ? ಬ್ರಿಟಿಷ್ ಸರ್ಕಾರದ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇರುವವರ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಟ್ರೈನಿ ಸಂಬಳ ಸ್ಕಿಲ್ಡ್ ವರ್ಕರ್ ವೀಸಾದ ಮಿತಿ ಮುಟ್ಟುತ್ತದೆಯೇ? ದೊಡ್ಡ ಸಂಸ್ಥೆಗಳಲ್ಲಿ ತೊಂದರೆ ಇಲ್ಲ. ಸಣ್ಣ ಊರಿನ ಪುಟ್ಟ ಕಚೇರಿಗಳಲ್ಲಿ ಮುಟ್ಟದೇ ಹೋಗಬಹುದು. ಪದವಿ ಮುಗಿದ ಮೇಲಿನ ಗ್ರಾಜುಯೇಟ್ ವೀಸಾ ಎರಡು ವರ್ಷ ಇದ್ದದ್ದು, 2027ರ ಜನವರಿಯಿಂದ ಹಾಕುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಯುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದುತ್ತಿರುವವರಿಗೆ ಇನ್ನೊಂದು ಬಾಗಿಲಿದೆ. ಲಂಡನ್ನಿನ ಕೆಲವು ದೊಡ್ಡ ಸಂಸ್ಥೆಗಳು ವರ್ಷಗಳಿಂದ ಅಲ್ಲಿನ ವಿದ್ಯಾರ್ಥಿಗಳನ್ನು ಟ್ರೈನಿಗಳಾಗಿ ಆರಿಸಿಕೊಂಡಿವೆ. ನಿಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಕಮಿಟಿಯವರನ್ನು ಮೂರನೇ ವರ್ಷದಲ್ಲೇ ಕೇಳಿ.

ಎಂಟು ಸಂಸ್ಥೆ ಸಾಕು

ನಾನು ಮೊದಲ ವರ್ಷ ಮೂವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದೆ. ಒಂದರಿಂದಲೂ ಕರೆ ಬರಲಿಲ್ಲ. ಮರು ವರ್ಷ ಒಂಬತ್ತೇ ಹಾಕಿದೆ. ನಾಲ್ಕು ಕಡೆಯಿಂದ ಕರೆ ಬಂತು. ಒಂದು ಒಳ್ಳೆಯ ಅರ್ಜಿಗೆ ಮೂರು ನಾಲ್ಕು ಸಂಜೆ ಬೇಕು. ಆ ಲೆಕ್ಕದಲ್ಲಿ ಎಂಟು ಹತ್ತಕ್ಕಿಂತ ಜಾಸ್ತಿ ಚೆನ್ನಾಗಿ ಮಾಡಲು ಆಗುವುದಿಲ್ಲ.

ಆರಿಸುವಾಗ ಹೆಸರಿಗಿಂತ ಕೆಲಸ ನೋಡಿ. ಒಂದು ಉದಾಹರಣೆ ಕೊಡುತ್ತೇನೆ. ಲಂಡನ್ನಿನ ಐದು ಹಳೆಯ ದೊಡ್ಡ ಸಂಸ್ಥೆಗಳಿಗೆ ಮ್ಯಾಜಿಕ್ ಸರ್ಕಲ್ ಅನ್ನುತ್ತಾರೆ. ಅದರಲ್ಲಿ ಕ್ಲಿಫರ್ಡ್ ಚಾನ್ಸ್ ದೇಶ ದೇಶಗಳಲ್ಲಿ ತನ್ನದೇ ಕಚೇರಿ ತೆರೆದಿದೆ. ಸ್ಲಾಟರ್ ಅಂಡ್ ಮೇ ಹಾಗೆ ಮಾಡಿಲ್ಲ. ಕೆಲವೇ ಕಚೇರಿ ಇಟ್ಟುಕೊಂಡು, ಬೇರೆ ದೇಶದ ಕೆಲಸಕ್ಕೆ ಅಲ್ಲಿನ ಒಳ್ಳೆಯ ಸ್ವತಂತ್ರ ಸಂಸ್ಥೆಗಳ ಜೊತೆ ಸೇರಿ ದುಡಿಯುತ್ತದೆ. ಅಲ್ಲಿನ ವಕೀಲರು ಒಂದೇ ಕ್ಷೇತ್ರಕ್ಕೆ ಅಂಟಿಕೊಳ್ಳದೆ ಬಗೆಬಗೆಯ ಕೆಲಸ ಮಾಡುವುದಕ್ಕೆ ಹೆಸರಾದವರು. ಬ್ರಿಸ್ಟಲ್ ಮೂಲದ ಬರ್ಜಸ್ ಸ್ಯಾಮನ್‌ನಲ್ಲಿ ನಾಲ್ಕು ತಿಂಗಳ ಆರು ಸೀಟು. ಹೆಚ್ಚು ವಿಭಾಗ ನೋಡಿ ನಿರ್ಧರಿಸಬೇಕು ಅನ್ನುವವರಿಗೆ ಅದು ಹೊಂದುತ್ತದೆ. ವಸತಿ, ವಲಸೆ, ಸಾಮಾಜಿಕ ಭದ್ರತೆಯಂಥ ಜನಸಾಮಾನ್ಯರ ಕೇಸು ಮಾಡಬೇಕು ಅನ್ನುವವರು ಅಂಥ ಕಡೆ ಟ್ರೈನಿ ಆಗಲು ನೆರವು ಕೊಡುವ ಜಸ್ಟಿಸ್ ಫಸ್ಟ್ ಫೆಲೋಶಿಪ್ ನೋಡಿ.

'ನಮ್ಮ ಸಂಸ್ಥೆಯೇ ಯಾಕೆ?' ಎಂಬ ಪ್ರಶ್ನೆಗೆ ಉತ್ತರ ಹುಟ್ಟುವುದು ಇಲ್ಲೇ. ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಸಂಸ್ಥೆಯ ಹೆಸರು ತೆಗೆದು ಪಕ್ಕದ ಸಂಸ್ಥೆಯ ಹೆಸರು ಹಾಕಿ ಓದಿ. ಉತ್ತರ ಆಗಲೂ ಹೊಂದಿದರೆ ಹರಿದು ಹಾಕಿ ಮತ್ತೆ ಬರೆಯಿರಿ. ಸಂಸ್ಥೆಯ ವೆಬ್‌ಸೈಟ್, ಚೇಂಬರ್ಸ್ ಸ್ಟೂಡೆಂಟ್, ಲೀಗಲ್ ಚೀಕ್, ಲಾಕೆರಿಯರ್ಸ್.ನೆಟ್‌ನಂಥ ಲಾ ವಿದ್ಯಾರ್ಥಿಗಳ ವೆಬ್‌ಸೈಟ್‌ಗಳನ್ನು ಓದಿ. ಅದಕ್ಕಿಂತ ಒಳ್ಳೆಯದು ಅಲ್ಲಿನ ಒಬ್ಬ ಟ್ರೈನಿಯ ಜೊತೆ ಹತ್ತು ನಿಮಿಷ ಮಾತು. ಲಾ ಫರ್ಮ್‌ಗಳವರು ವಿದ್ಯಾರ್ಥಿಗಳನ್ನು ಭೇಟಿ ಮಾಡುವ ವಿಶ್ವವಿದ್ಯಾಲಯದ ಲಾ ಫೇರ್‌ಗೆ ಹೋಗಿ, 'ಕಳೆದ ವಾರ ಯಾವ ಕೆಲಸ ಮಾಡಿದಿರಿ?' ಎಂದು ಕೇಳಿ. ಗುಟ್ಟಿನ ವಿವರ ಬಿಟ್ಟು ಉಳಿದದ್ದನ್ನು ಅವರು ಖುಷಿಯಿಂದ ಹೇಳುತ್ತಾರೆ.

ಒಂದು ನೋಟ್‌ಬುಕ್, ಹತ್ತು ಘಟನೆ

ಅರ್ಜಿಗೆ ಕೈ ಹಾಕುವ ಮೊದಲು ನಿಮ್ಮ ಬದುಕಿನ ಹತ್ತು ಘಟನೆ ಬರೆದಿಡಿ. ನೀವು ತಪ್ಪು ಮಾಡಿ ಸರಿಪಡಿಸಿದ್ದು. ಸಿಟ್ಟಿನಲ್ಲಿದ್ದವರನ್ನು ಸಮಾಧಾನ ಮಾಡಿದ್ದು. ಯಾರೂ ಹೇಳದೆ ಒಂದು ಕೆಲಸ ವಹಿಸಿಕೊಂಡಿದ್ದು. ಎರಡು ಕೆಲಸ ಒಟ್ಟಿಗೆ ಬಿದ್ದಾಗ ನಿಭಾಯಿಸಿದ್ದು. ಊರಿನ ಜಾತ್ರೆಯ ಲೆಕ್ಕ ನೋಡಿದ್ದು, ಅಪಾರ್ಟ್‌ಮೆಂಟ್ ಸಂಘದ ಜಗಳ ಬಿಡಿಸಿದ್ದು, ಕಾಲೇಜಿನ ಅಣಕು ನ್ಯಾಯಾಲಯವಾದ ಮೂಟ್ ಕೋರ್ಟ್, ಸೂಪರ್‌ಮಾರ್ಕೆಟ್ಟಿನ ರಾತ್ರಿ ಪಾಳಿ, ಎಲ್ಲವೂ ನಡೆಯುತ್ತದೆ. ಎಷ್ಟೋ ಸಂಸ್ಥೆಗಳು ಅಂಗಡಿಯ ಕೌಂಟರಿನಲ್ಲಿ ನಿಂತ ಅನುಭವವನ್ನು ನಿಜಕ್ಕೂ ಗೌರವಿಸುತ್ತವೆ, ಯಾಕೆಂದರೆ ಗ್ರಾಹಕರ ಬೈಗುಳ ಕೇಳಿ ತಾಳ್ಮೆ ಕಳೆದುಕೊಳ್ಳದವರು ಕ್ಲೈಂಟ್ ಮುಂದೆಯೂ ಕಳೆದುಕೊಳ್ಳುವುದಿಲ್ಲ.

ಪ್ರತಿ ಘಟನೆಗೂ ನಾಲ್ಕು ಪ್ರಶ್ನೆ: ಪರಿಸ್ಥಿತಿ ಏನಿತ್ತು? ನನ್ನ ಜವಾಬ್ದಾರಿ ಏನು? ನಾನು ಏನು ಮಾಡಿದೆ? ಏನಾಯಿತು? ಮೂರನೆಯದಕ್ಕೆ ಅರ್ಧಕ್ಕಿಂತ ಹೆಚ್ಚು ಜಾಗ ಕೊಡಿ. ನಾವು ಬೆಳೆದಿರುವುದು 'ನಾನು' ಅನ್ನಬಾರದು, 'ನಾವು' ಅನ್ನಬೇಕು ಎಂದು. ಒಳ್ಳೆಯ ಗುಣವೇ. ಆದರೆ 'ನಾವು ಮಾಡಿದ್ವಿ' ಅಂದರೆ ಅದರಲ್ಲಿ ನಿಮ್ಮ ಪಾಲು ಎಷ್ಟು ಎಂದು ಅವರಿಗೆ ತಿಳಿಯುವುದಿಲ್ಲ. ನೀವು ಮಾಡಿದ್ದನ್ನು ನಾನು ಎಂದೇ ಹೇಳಿ, ಬೇರೆಯವರು ಮಾಡಿದ್ದನ್ನು ಅವರ ಲೆಕ್ಕಕ್ಕೆ ಬಿಡಿ. ಅದರಲ್ಲಿ ಜಂಬ ಏನೂ ಇಲ್ಲ.

ಶಿರಸಿಯ ಹುಡುಗಿ ತನ್ನ ಉತ್ತರವನ್ನು ತಿದ್ದಿ ಬರೆದಳು. ಅದರ ಸಾರ ಹೀಗಿತ್ತು: 'ನಮ್ಮ ತಂದೆಯ ಮಂಡಿಯಲ್ಲಿ ಮೂರು ರಜೆ ಲೆಕ್ಕ ಬರೆದೆ. ದರ ಕುಸಿದ ವರ್ಷ ಬೆಳೆಗಾರರು ಮಾಲು ತರಲಿಲ್ಲ, ಕೊಟ್ಟ ಮುಂಗಡ ಹಿಂದೆ ಬರಲಿಲ್ಲ. ಯಾರಿಗೆ ಎಷ್ಟು ಕೊಟ್ಟಿದ್ದೇವೆ, ಅವರು ಸಾಮಾನ್ಯವಾಗಿ ಯಾವ ತಿಂಗಳು ಮಾರುತ್ತಾರೆ ಎಂದು ನಾನು ಪಟ್ಟಿ ಮಾಡಿದೆ. ಅದನ್ನು ತೋರಿಸಿ ಬ್ಯಾಂಕಿನವರ ಹತ್ತಿರ ಕಂತು ಎರಡು ತಿಂಗಳು ಮುಂದಕ್ಕೆ ಕೇಳಿದೆವು. ಲಾಭ ಇದ್ದರೂ ನಗದು ಇಲ್ಲದೆ ವ್ಯಾಪಾರ ನಿಲ್ಲಬಹುದು ಎಂದು ನನಗೆ ಅರ್ಥವಾದದ್ದು ಆಗ.' ಇದನ್ನು ಓದಿದ ಮೇಲೆ ಅವಳಿಗೆ ವ್ಯಾಪಾರದಲ್ಲಿ ಆಸಕ್ತಿ ಇದೆ ಎಂದು ಬೇರೆ ಹೇಳಬೇಕಿಲ್ಲ, ಅಲ್ವಾ?

ಇನ್ನು ಎಐ ವಿಷಯ. ಕೆಲವು ಸಂಸ್ಥೆಗಳು ಅದನ್ನು ಎಷ್ಟರ ಮಟ್ಟಿಗೆ ಬಳಸಬಹುದು ಎಂದು ನಿಯಮ ಹಾಕಿವೆ, ಓದಿ. ನಿಯಮ ಏನೇ ಇರಲಿ, ಉತ್ತರವನ್ನು ಅದರ ಕೈಲಿ ಬರೆಸಬೇಡಿ. ಮಂಡಿಯ ಕಥೆ ಅದಕ್ಕೆ ಗೊತ್ತಿಲ್ಲ.

ಕಾಗುಣಿತದ ತಪ್ಪು, ಸಂಸ್ಥೆಯ ಹೆಸರಿನ ತಪ್ಪು ಒಂದೂ ಇರಬಾರದು. ಅರ್ಜಿಯನ್ನು ಪ್ರಿಂಟ್ ತೆಗೆದು ಜೋರಾಗಿ ಓದಿ.

ಆನ್‌ಲೈನ್ ಪರೀಕ್ಷೆ ಮತ್ತು ವಿಡಿಯೊ

ಹಲವು ಸಂಸ್ಥೆಗಳು ವಾಟ್ಸನ್ ಗ್ಲೇಸರ್ ಎಂಬ ಪರೀಕ್ಷೆ ಇಡುತ್ತವೆ. ಸಾಮಾನ್ಯವಾಗಿ 30 ನಿಮಿಷ, 40 ಪ್ರಶ್ನೆ, ಐದು ಭಾಗ. ಕಾನೂನಿನ ಜ್ಞಾನ ಬೇಕಿಲ್ಲ. ಕೊಟ್ಟ ಮಾತಿನಿಂದ ಏನು ಹೊರಡುತ್ತದೆ, ಏನು ಹೊರಡುವುದಿಲ್ಲ ಎಂದು ನೋಡುತ್ತಾರೆ. 'ಹುಬ್ಬಳ್ಳಿಗೆ ರೈಲಿನಲ್ಲಿ ಹೋಗೋಣ, ಹೊತ್ತು ಉಳಿಯುತ್ತೆ' ಎಂದು ಒಬ್ಬರು ಅಂದರು. ಹುಬ್ಬಳ್ಳಿಗೆ ರೈಲಿದೆ ಎಂದು ಅವರು ಊಹಿಸಿದ್ದಾರೆಯೇ? ಹೌದು. ಬೇರೆ ದಾರಿಗಿಂತ ರೈಲು ಬೇಗ ತಲುಪುತ್ತದೆ ಎಂದು? ಹೌದು. ರೈಲಿನ ಟಿಕೆಟ್ ಅಗ್ಗ ಎಂದು? ಇಲ್ಲ, ದುಡ್ಡಿನ ಮಾತೇ ಬಂದಿಲ್ಲ. ನಿಮಗೆ ಗೊತ್ತಿರುವುದನ್ನು ಒಳಗೆ ಬಿಡಬೇಡಿ, ಅಷ್ಟೇ ಅದರ ಕೀಲಿ. ದಿನಾ ಅರ್ಧ ಗಂಟೆಯಂತೆ ಎರಡು ವಾರ ಅಭ್ಯಾಸ ಮಾಡಿ. ತಪ್ಪಾದ ಉತ್ತರದ ವಿವರಣೆ ಓದದೆ ಮುಂದೆ ಹೋಗಬೇಡಿ.

ವಿಡಿಯೊ ಇಂಟರ್‌ವ್ಯೂನಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ತೆರೆಯ ಮೇಲೆ ಪ್ರಶ್ನೆ, ಯೋಚಿಸಲು ಅರ್ಧ ನಿಮಿಷವೋ ಒಂದು ನಿಮಿಷವೋ, ಉತ್ತರಕ್ಕೆ ಒಂದೆರಡು ನಿಮಿಷ. ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿಕೊಳ್ಳಿ. ಬಾಯಿಪಾಠ ಮಾಡಿದ್ದು ಥಟ್ಟನೆ ಗೊತ್ತಾಗುತ್ತದೆ. ನಮ್ಮ ಉಚ್ಚಾರ ಹೇಗೋ ಏನೋ ಎಂದು ಕೊರಗುವವರಿಗೆ ಹೇಳುತ್ತೇನೆ: ಉಚ್ಚಾರ ತೊಂದರೆಯೇ ಅಲ್ಲ. ವೇಗ ತೊಂದರೆ. ನಾವು ಗಾಬರಿಯಾದಾಗ ಓಡುತ್ತೇವೆ. ವಾಕ್ಯ ಮುಗಿದ ಮೇಲೆ ಒಂದು ಉಸಿರು ಬಿಡಿ.

ವ್ಯಾಪಾರದ ಸುದ್ದಿಯನ್ನು ವಕೀಲರ ಕಣ್ಣಿನಲ್ಲಿ ಓದುವುದು

ಇದನ್ನು ಎಲ್ಲರೂ ಹೇಳುತ್ತಾರೆ, ಹೇಗೆಂದು ಯಾರೂ ತೋರಿಸುವುದಿಲ್ಲ. ಹತ್ತು ಸುದ್ದಿ ಮೇಲೆ ಮೇಲೆ ಓದುವ ಬದಲು ಒಂದನ್ನು ಹಿಡಿದು ಆಳಕ್ಕೆ ಇಳಿಯಿರಿ. ನಮಗೆ ಹತ್ತಿರದ್ದೊಂದು ತೆಗೆದುಕೊಳ್ಳೋಣ. ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿರುವ ಉಕ್ಕಿನ ಕಾರ್ಖಾನೆ ಟಾಟಾ ಸ್ಟೀಲ್‌ನದು. 2007ರಲ್ಲಿ ಕೋರಸ್ ಕಂಪನಿಯನ್ನು ಕೊಂಡಾಗ ಅದು ಟಾಟಾ ಕೈಗೆ ಬಂತು. 2024ರ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಊದುಕುಲುಮೆ ಆರಿತು. ಅದರ ಬದಲು ವಿದ್ಯುತ್ ಕುಲುಮೆ ಬರುತ್ತಿದೆ. ಖರ್ಚು 125 ಕೋಟಿ ಪೌಂಡ್, ಅದರಲ್ಲಿ 50 ಕೋಟಿ ಬ್ರಿಟಿಷ್ ಸರ್ಕಾರದ್ದು. ಸಾವಿರಾರು ಜನರ ಕೆಲಸ ಹೋಯಿತು.

ಈಗ ಕೇಳಿಕೊಳ್ಳಿ: ಇಲ್ಲಿ ಯಾವ ಯಾವ ವಕೀಲರಿಗೆ ಕೆಲಸ ಇದೆ? 100 ಅಥವಾ ಹೆಚ್ಚು ಜನರನ್ನು ತೆಗೆಯುವ ಕಂಪನಿ ಕನಿಷ್ಠ 45 ದಿನ ಮುಂಚೆ ಅವರ ಪ್ರತಿನಿಧಿಗಳ ಜೊತೆ ಸಮಾಲೋಚನೆ ಶುರು ಮಾಡಬೇಕು. ಅದು ಉದ್ಯೋಗ ವಿಭಾಗ. ಸರ್ಕಾರ ಕೊಡುವ ದುಡ್ಡಿಗೆ 2022ರ ಸಬ್ಸಿಡಿ ಕಂಟ್ರೋಲ್ ಕಾಯ್ದೆ ಇದೆ. ಹೊಸ ಕುಲುಮೆ ಕಟ್ಟಲು ಯೋಜನಾ ಅನುಮತಿ, ಕಟ್ಟುವವರ ಜೊತೆ ಕರಾರು. ಅಷ್ಟು ದೊಡ್ಡ ಕುಲುಮೆಗೆ ವಿದ್ಯುತ್ ಜಾಲದ ಸಂಪರ್ಕ ಬೇಕು, ಅದು ಇಂಧನ ವಿಭಾಗ. ಹಳೆಯ ನೆಲದ ಮಾಲಿನ್ಯಕ್ಕೆ ಯಾರು ಹೊಣೆ ಎಂಬುದು ಪರಿಸರ ವಿಭಾಗ. ಒಂದೇ ಸುದ್ದಿ, ಐದು ವಿಭಾಗ. ಆಮೇಲೆ ಒಂದು ಅಭಿಪ್ರಾಯ ಇಟ್ಟುಕೊಳ್ಳಿ. ನನಗೆ ಕೇಳಿದರೆ, ಇಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಕಾಲಾವಧಿ. ಒಂದು ಕುಲುಮೆ ಆರಿ ಇನ್ನೊಂದು ಹತ್ತುವವರೆಗೆ ಗ್ರಾಹಕರನ್ನು ಉಳಿಸಿಕೊಳ್ಳಬೇಕು, ಹೊರಗಿನಿಂದ ಉಕ್ಕು ತರಿಸಿ ಕೊಡಬೇಕು. ಯಾವುದೇ ಅನುಮತಿ ತಡವಾದರೆ ಆ ಖರ್ಚು ಬೆಳೆಯುತ್ತಾ ಹೋಗುತ್ತದೆ. ಇಂಟರ್‌ವ್ಯೂ ಮಾಡುವ ಪಾರ್ಟ್ನರ್, ಅಂದರೆ ಸಂಸ್ಥೆಯ ಪಾಲುದಾರ ವಕೀಲರು, ಒಪ್ಪದಿರಬಹುದು. ಪರವಾಗಿಲ್ಲ, ಚರ್ಚೆ ಶುರುವಾಯಿತಲ್ಲ.

ಇಂಥ ಮೂರು ವಿಷಯ ತಯಾರಿದ್ದರೆ ಸಾಕು. ಭಾರತ ಮತ್ತು ಬ್ರಿಟನ್ 2025ರ ಜುಲೈ 24ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದವೂ ನಮಗೆ ಸಹಜವಾಗಿ ಒದಗುವ ವಿಷಯ. ಫೈನಾನ್ಷಿಯಲ್ ಟೈಮ್ಸ್ ಅನ್ನು ಹಲವು ವಿಶ್ವವಿದ್ಯಾಲಯಗಳು ಉಚಿತವಾಗಿ ಕೊಡುತ್ತವೆ, ಲೈಬ್ರರಿಯಲ್ಲಿ ಕೇಳಿ.

ಕೇಸ್ ಸ್ಟಡಿ

ಇಂಟರ್‌ವ್ಯೂ, ಪರೀಕ್ಷೆ ಎಲ್ಲ ಒಟ್ಟಿಗೆ ನಡೆಯುವ ಅಸೆಸ್‌ಮೆಂಟ್ ದಿನ ಕೈಗೆ ಹದಿನೈದು ಇಪ್ಪತ್ತು ಪುಟ ಕೊಟ್ಟು, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಿಟ್ಟು, ಪಾರ್ಟ್ನರ್ ಮುಂದೆ ಕೂರಿಸುತ್ತಾರೆ. ಹೆಚ್ಚಾಗಿ ಕಂಪನಿ ಕೊಳ್ಳುವ ಕಥೆ. ನಿಮ್ಮ ಕ್ಲೈಂಟ್ ಲೀಡ್ಸ್‌ನ ಒಂದು ಬಿಸ್ಕತ್ ಕಂಪನಿ ಕೊಳ್ಳಬೇಕು ಎಂದಿಟ್ಟುಕೊಳ್ಳಿ. ಕಡತದಲ್ಲಿ ಮೂರು ಮುಳ್ಳು ಅಡಗಿವೆ. ಮಾರಾಟದ 40% ಒಂದೇ ಸೂಪರ್‌ಮಾರ್ಕೆಟ್‌ಗೆ ಹೋಗುತ್ತದೆ, ಕಂಪನಿಯ ಮಾಲೀಕರು ಬದಲಾದರೆ ಆ ಕರಾರು ರದ್ದು ಮಾಡಬಹುದು ಎಂಬ ಷರತ್ತಿದೆ. ಕಾರ್ಖಾನೆಯ ಲೀಸ್ ಇನ್ನು ಒಂದೂವರೆ ವರ್ಷ. ಮಾಜಿ ನೌಕರರೊಬ್ಬರು ಕೇಸು ಹಾಕಿದ್ದಾರೆ.

ಮೊದಲು ತಿಳಿಯಬೇಕಾದದ್ದು: ಷೇರು ಕೊಂಡರೆ ಕಂಪನಿ ಇಡಿಯಾಗಿ ಬರುತ್ತದೆ, ಸಾಲ, ಕೇಸು ಎಲ್ಲ ಸಮೇತ. ಆಸ್ತಿ ಕೊಂಡರೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಆದರೆ ಒಂದೊಂದು ಕರಾರನ್ನೂ ಬೇರೆಯಾಗಿ ವರ್ಗಾಯಿಸಬೇಕು, ಎದುರಿನವರ ಒಪ್ಪಿಗೆ ಬೇಕಾಗಬಹುದು. ವ್ಯಾಪಾರ ಕೈ ಬದಲಾದಾಗ ನೌಕರರು 2006ರ ಟ್ಯೂಪಿ ನಿಯಮದಂತೆ ತಮ್ಮ ಹಕ್ಕುಗಳ ಜೊತೆಗೇ ಬರುತ್ತಾರೆ.

ಆಮೇಲೆ ಒಂದೊಂದು ಮುಳ್ಳಿಗೂ ಮದ್ದು. ಸೂಪರ್‌ಮಾರ್ಕೆಟ್ಟಿನ ಲಿಖಿತ ಒಪ್ಪಿಗೆ ಬಾರದೆ ವ್ಯವಹಾರ ಮುಗಿಯಬಾರದು ಎಂಬ ಷರತ್ತು ಹಾಕಿ. ನೌಕರನ ಕೇಸು ಗೊತ್ತಿರುವ ಅಪಾಯ, ಅದಕ್ಕೆ ಮಾರುವವರಿಂದ ಇಂಡೆಮ್ನಿಟಿ ಪಡೆಯಿರಿ, ಅಂದರೆ ಸೋತರೆ ಅವರೇ ತುಂಬಿಕೊಡಬೇಕು. ಗೊತ್ತಿಲ್ಲದ ಅಪಾಯಗಳಿಗೆ ವಾರಂಟಿ, ಅಂದರೆ ಕಂಪನಿಯ ಸ್ಥಿತಿಯ ಬಗ್ಗೆ ಮಾರುವವರು ಕರಾರಿನಲ್ಲಿ ಕೊಡುವ ಭರವಸೆ. ಲೀಸ್ ಬಗ್ಗೆ ಕಾರ್ಖಾನೆ ಕಟ್ಟಡದ ಮಾಲೀಕರ ಜೊತೆ ಈಗಲೇ ಮಾತು, ಇಲ್ಲವೇ ಬೆಲೆ ಇಳಿಸುವುದು.

ಹೇಳುವಾಗ ಪುಟದ ಕ್ರಮದಲ್ಲಿ ಹೇಳಬೇಡಿ, ತೂಕದ ಕ್ರಮದಲ್ಲಿ ಹೇಳಿ. 40% ಮಾರಾಟದ ಮುಂದೆ ಒಬ್ಬ ನೌಕರನ ಕೇಸು ಸಣ್ಣದು. 'ಮೂರು ವಿಷಯ ಇವೆ, ದೊಡ್ಡದು ಇದು, ಹೀಗೆ ಮಾಡಬಹುದು' ಎಂದು ಎರಡು ನಿಮಿಷದಲ್ಲಿ ಮುಗಿಸಿ. ಅವರು ತಡೆದು ಕೇಳುತ್ತಾರೆ, ಹೊಸ ವಿವರ ಸೇರಿಸುತ್ತಾರೆ. ಆಗ ಅಭಿಪ್ರಾಯ ಬದಲಿಸುವುದು ತಪ್ಪಲ್ಲ. 'ಇದು ಹೊಸ ವಿಷಯ, ಹಾಗಾದರೆ ನನ್ನ ಸಲಹೆ ಬದಲಾಗುತ್ತದೆ' ಅನ್ನಿ. ಗೊತ್ತಿಲ್ಲದ್ದಕ್ಕೆ ಸುಮ್ನೆ ಉತ್ತರ ಕಟ್ಟಬೇಡಿ. 'ಇದನ್ನು ನಾನು ತೆರಿಗೆ ವಿಭಾಗದವರ ಹತ್ತಿರ ಕೇಳುತ್ತೇನೆ' ಅನ್ನುವುದು ಒಳ್ಳೆಯ ಟ್ರೈನಿಯ ಮಾತು.

ಪಾರ್ಟ್ನರ್ ಎದುರು

ಅರ್ಜಿಯ ಪ್ರತಿ ಸಾಲಿನ ಮೇಲೂ ಪ್ರಶ್ನೆ ಬರಬಹುದು. ಹಿಂದಿನ ರಾತ್ರಿ ಬೇರೇನೂ ಓದದಿದ್ದರೂ ನಿಮ್ಮ ಅರ್ಜಿ ಓದಿ. ಆ ಹುಡುಗಿಯ ಇಂಟರ್‌ವ್ಯೂನಲ್ಲಿ ಕಾಲು ಗಂಟೆ ಅಡಿಕೆಯ ಮಾತೇ ನಡೆಯಿತಂತೆ. ಮುಂಗಡಕ್ಕೆ ಬೆಳೆಗಾರರಿಂದ ಭದ್ರತೆ ಏನು ಪಡೆಯುತ್ತೀರಿ, ಕಾಗದ ಪತ್ರ ಇರುತ್ತದೆಯೇ, ಬರೀ ನಂಬಿಕೆಯ ಮೇಲೆ ಯಾಕೆ ನಡೆಯುತ್ತದೆ ಎಂದು ಅವರು ಕೇಳಿದರಂತೆ. ಅವಳಿಗೆ ಎಲ್ಲ ಗೊತ್ತಿತ್ತು.

ನಮ್ಮವರಿಗೆ ಕಷ್ಟವಾಗುವ ಒಂದು ವಿಷಯ ಹೆಸರು ಹಿಡಿದು ಕರೆಯುವುದು. ಅಪ್ಪನ ವಯಸ್ಸಿನ ಪಾರ್ಟ್ನರನ್ನು ಸರ್ ಅನ್ನದೆ ಹೇಗೆ ಮಾತಾಡುವುದು? ಇಲ್ಲಿ ಎಲ್ಲರೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಅವರು ಹೇಗೆ ಪರಿಚಯ ಮಾಡಿಕೊಂಡರೋ ಹಾಗೇ ಕರೆಯಿರಿ. ಅದರಲ್ಲಿ ಅಗೌರವ ಇಲ್ಲ.

ನೀತಿಯ ಪ್ರಶ್ನೆ ಬಂದೇ ಬರುತ್ತದೆ. ಕ್ಲೈಂಟ್ ಒಂದು ದಾಖಲೆಯನ್ನು ಮುಚ್ಚಿಡಲು ಹೇಳಿದರೆ? ಇಮೇಲ್ ತಪ್ಪಾಗಿ ಬೇರೆಯವರಿಗೆ ಹೋದರೆ? ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ಏಳು ತತ್ವಗಳನ್ನು ಓದಿಕೊಂಡು ಹೋಗಿ. ಕ್ಲೈಂಟ್ ಹಿತ ಅದರಲ್ಲಿ ಒಂದು. ನ್ಯಾಯದ ಆಡಳಿತ, ಪ್ರಾಮಾಣಿಕತೆಯಂಥವುಗಳ ಜೊತೆ ಅದು ಡಿಕ್ಕಿಯಾದರೆ ಸಾರ್ವಜನಿಕ ಹಿತ ಕಾಯುವ ತತ್ವಕ್ಕೇ ಮೇಲುಗೈ. ತಪ್ಪಾದರೆ ತಕ್ಷಣ ಮೇಲಿನವರಿಗೆ ಹೇಳುತ್ತೇನೆ ಅನ್ನಿ, ಮನಸ್ಸಿನಲ್ಲೂ ಅದೇ ಇರಲಿ.

ಕೊನೆಗೆ 'ನಿಮ್ಮ ಪ್ರಶ್ನೆ ಏನಾದರೂ?' ಅನ್ನುತ್ತಾರೆ. ವೆಬ್‌ಸೈಟಿನಲ್ಲಿ ಇರುವುದನ್ನು ಕೇಳಬೇಡಿ. 'ನಿಮ್ಮ ವಿಭಾಗದಲ್ಲಿ ಈಚೆಗೆ ಚೆನ್ನಾಗಿ ಕೆಲಸ ಮಾಡಿದ ಟ್ರೈನಿ ಏನು ಮಾಡಿದರು?' ಎಂದು ಕೇಳಿ. ಉತ್ತರ ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಹೊರಗೆ ಬಂದ ಮೇಲೆ

ವಾಪಸ್ಸು ಬರುವ ರೈಲಿನಲ್ಲೇ ನೋಟ್‌ಬುಕ್ ತೆಗೆದು, ಕೇಳಿದ ಪ್ರಶ್ನೆಗಳನ್ನೆಲ್ಲ ಬರೆಯಿರಿ. ಎಲ್ಲಿ ತಡವರಿಸಿದಿರಿ ಅನ್ನುವುದನ್ನೂ ಬರೆಯಿರಿ. ಮರುದಿನಕ್ಕೆ ಅರ್ಧ ಮರೆತಿರುತ್ತದೆ. ಆಯ್ಕೆ ಆಗದಿದ್ದರೆ ಫೀಡ್‌ಬ್ಯಾಕ್ ಕೇಳಿ. ಇಂಟರ್‌ವ್ಯೂವರೆಗೆ ಹೋದವರಿಗೆ ಹಲವು ಸಂಸ್ಥೆಗಳು ಕೊಡುತ್ತವೆ, ಕೆಲವರು ಫೋನ್ ಮಾಡಿಯೇ ಹೇಳುತ್ತಾರೆ. ಅದೇ ಸಂಸ್ಥೆಗೆ ಮರು ವರ್ಷ ಅರ್ಜಿ ಹಾಕಬಹುದೇ ಎಂದು ಆಗಲೇ ಕೇಳಿಕೊಳ್ಳಿ. ಹೆಚ್ಚಿನ ಕಡೆ ವರ್ಷಕ್ಕೆ ಒಂದೇ ಅರ್ಜಿ, ಮರು ವರ್ಷ ಬಾಗಿಲು ತೆರೆದಿರುತ್ತದೆ. ಆ ನೋಟ್‌ಬುಕ್ಕನ್ನು ಜೋಪಾನವಾಗಿಡಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಬೇಕಾಗುತ್ತದೆ.